ಎಡ ಮೊಣಕಾಲಿಗೊಂದು ಪಟ್ಟಿ

ಅಪ್ಪನ ಎಡಗಾಲು ಪ್ಯಾಂಟಿನೊಳಗೆ ಅರ್ಧ ಹೋಗಿ ಸಿಕ್ಕಿಕೊಂಡಿತ್ತು. ಮಗಳು ನೆಲದ ಮೇಲೆ ಮಂಡಿಯೂರಿ, ಒಂದು ಕೈಯಲ್ಲಿ ಹಿಮ್ಮಡಿ ಎತ್ತಿ ಹಿಡಿದು, ಇನ್ನೊಂದರಲ್ಲಿ ಬಟ್ಟೆ ಎಳೆಯುತ್ತಿದ್ದಳು. ಆಗ ಹಿತ್ತಿಲಿನ ಲಾಯದಿಂದ ಧಡ್ ಎಂದು ಸದ್ದು ಬಂತು. ಕುದುರೆ ಬಾಗಿಲಿಗೆ ಒದೆಯುತ್ತಿತ್ತು. ಬೆಳಗಿನಿಂದ ಹೀಗೇ. ಒಂದು ಒದೆ ಬಿತ್ತೆಂದರೆ ಇನ್ನೊಂದು ಯಾವಾಗ ಬೀಳುತ್ತದೋ ಎಂದು ಮನೆಯವರೆಲ್ಲ ಮೈಯೆಲ್ಲ ಕಿವಿಯಾಗಿ ಕಾಯುವಂತಾಗಿತ್ತು.

"ಕಾಲು ಸ್ವಲ್ಪ ಸಡಿಲ ಬಿಡಪ್ಪ," ಅಂದಳು. ಅಂದ ಮೇಲೆ ತನ್ನ ಮಾತಿಗೆ ತಾನೇ ನಾಚಿದಳು. ಆ ಕಾಲು ಸಡಿಲವಾಗಿ ಮೂರು ವರ್ಷವಾಗಿತ್ತು.

ಅವಳದು ಇಪ್ಪತ್ತು ವರ್ಷದ ಹೊಲಿಗೆ ಅಂಗಡಿ. ಬಸ್ಸಿನಲ್ಲಿ ನಾಲ್ಕು ತಾಸು ದೂರದ ಊರಿನಲ್ಲಿ, ಎರಡು ಯಂತ್ರ ಇಟ್ಟುಕೊಂಡು, ಶಾಲೆ ಮಕ್ಕಳ ಸಮವಸ್ತ್ರದಿಂದ ಹಿಡಿದು ಮದುವೆ ಕೋಟಿನವರೆಗೆ ಎಲ್ಲ ಹೊಲಿದವಳು. ಎಂತೆಂಥ ಮೈಗೋ ಅಳತೆ ತೆಗೆದವಳಿಗೆ ಹೆತ್ತ ಅಪ್ಪನಿಗೆ ಒಂದು ಪ್ಯಾಂಟು ತೊಡಿಸಲು ಬೆವರು ಕಿತ್ತು ಬಂದಿತ್ತು. ಲಕ್ವ ಹೊಡೆದ ಕಾಲು ಹಿಡಿತಕ್ಕೆ ಸಿಗುವುದಿಲ್ಲ. ಎತ್ತಿದರೆ ಜಾರುತ್ತದೆ, ಬಿಟ್ಟರೆ ಬೀಳುತ್ತದೆ. ಅಮ್ಮ ಇದನ್ನು ದಿನಕ್ಕೆರಡು ಸಲ ಒಬ್ಬಳೇ ಮಾಡುತ್ತಿದ್ದಳು.

ಅಮ್ಮ ಈಗ ಮುಂದಿನ ಕೋಣೆಯಲ್ಲಿ, ಪೆಟ್ಟಿಗೆಯೊಳಗೆ, ಯಾವ ಕೆಲಸವೂ ಇಲ್ಲದೆ ಮಲಗಿದ್ದಳು. ನಿನ್ನೆ ಬೆಳಗ್ಗೆ ಹಿತ್ತಿಲಿನ ಬಯಲಿನಲ್ಲಿ ಬಿದ್ದವಳು ಮೇಲೇಳಲಿಲ್ಲ. ಹೃದಯ ನಿಂತಿತು ಅಂದರು ಡಾಕ್ಟರು. ಕುದುರೆ ಕೆಡವಿತು ಅಂದಿತು ಬೀದಿ. ಅಣ್ಣ ಬೀದಿಯ ಮಾತನ್ನೇ ನಂಬಿದ್ದ.

ಅತ್ತೆ, ಅಂದರೆ ಅಪ್ಪನ ತಂಗಿ, ಪಕ್ಕದಲ್ಲಿ ನಿಂತು ಅಂಗಿಗೆ ಇಸ್ತ್ರಿ ಹಾಕುತ್ತಿದ್ದಳು. ಇಸ್ತ್ರಿಗಿಂತ ಬಾಯಿ ಜೋರಾಗಿ ಓಡುತ್ತಿತ್ತು. ಅರವತ್ತಾರು ವರ್ಷದ ಹೆಂಗಸಿಗೆ ಕುದುರೆ ಯಾಕೆ ಬೇಕಿತ್ತು, ಗಂಡ ಕುರ್ಚಿಗೆ ಅಂಟಿಕೊಂಡಿರುವಾಗ ಬೆಳಗ್ಗೆ ಬೆಳಗ್ಗೆ ಎರಡು ತಾಸು ಹಿತ್ತಿಲಿಗೆ ಓಡುವುದು ಯಾವ ಸಂಸಾರದ ಲಕ್ಷಣ, ತಾನಿಲ್ಲದಿದ್ದರೆ ತನ್ನಣ್ಣನ ಬಾಯಿಗೆ ನೀರು ಬಿಡುವವರು ಯಾರು. ಹೀಗೆ ಹೇಳುತ್ತಾ ಹೇಳುತ್ತಾ ಕಣ್ಣೊರೆಸಿಕೊಳ್ಳುತ್ತಿದ್ದಳು. ಅತ್ತಿಗೆಯನ್ನು ಬಯ್ಯದೆ ಅಳುವುದು ಅವಳಿಗೆ ಗೊತ್ತಿರಲಿಲ್ಲ.

ಮತ್ತೆ ಧಡ್ ಎಂದಿತು. ಅಪ್ಪ ಬಲಗೈಯನ್ನು ಗಾಲಿಕುರ್ಚಿಯ ಕೈಗೆ ಬಡಿದ.

"ನಾಳೆ," ಅಂದ.

ಲಕ್ವ ಹೊಡೆದ ಮೇಲೆ ಅಪ್ಪನ ಬಾಯಲ್ಲಿ ನೆಟ್ಟಗೆ ಉಳಿದದ್ದು ಆ ಒಂದೇ ಮಾತು. ಹಸಿದರೆ ನಾಳೆ, ಬೇಡವೆಂದರೆ ನಾಳೆ, ಕಿಟಕಿ ತೆಗೆಯಿರಿ ಎಂದರೂ ನಾಳೆ. ಯಾವ ನಾಳೆಗೆ ಏನರ್ಥ ಎಂದು ಅಮ್ಮನಿಗೆ ಗೊತ್ತಾಗುತ್ತಿತ್ತು. ಉಳಿದವರು ನೀರು ಕೊಟ್ಟು ನೋಡುವುದು, ಅದಲ್ಲದಿದ್ದರೆ ದಿಂಬು ಸರಿಸಿ ನೋಡುವುದು.

ಅಣ್ಣ ಗಡಿಯಾರ ನೋಡುತ್ತಲೇ ಒಳಗೆ ಬಂದ. ಕಾರು ಓಡಿಸಲು ಕಲಿಸುವ ಶಾಲೆ ನಡೆಸುವವನು ಅವನು. ಹುಟ್ಟಿದಾಗಿನಿಂದ ಕುದುರೆಯ ಜೊತೆ ಬೆಳೆದೂ ಬ್ರೇಕಿಲ್ಲದ ಯಾವುದನ್ನೂ ನಂಬುವುದಿಲ್ಲ ಎಂದು ತೀರ್ಮಾನಿಸಿದವನು. ಎರಡು ಗಂಟೆಯೊಳಗೆ ಮಣ್ಣು ಮಾಡಿ ಮುಗಿಸಬೇಕು, ನಾಲ್ಕಕ್ಕೆ ಲಾರಿ ಬರುತ್ತದೆ ಅಂದ.

"ಇವತ್ತೇನಾ?" ಅಂದಳು ಮಗಳು.

"ಇನ್ಯಾವತ್ತು? ನೀನು ನಾಳೆ ಬೆಳಗ್ಗೆ ಬಸ್ ಹತ್ತೋಳು. ನಾನು ಸ್ಕೂಲ್ ಬಾಗಿಲು ತೆಗೀಬೇಕು. ಅದಕ್ಕೆ ಹುಲ್ಲು ಹಾಕೋರು ಯಾರು, ಅತ್ತೆನಾ? ನಿನ್ನೆಯಿಂದ ಇಬ್ಬರಿಗೆ ಒದ್ದಿದೆ, ನನ್ನ ತೋಳಿಗೆ ಬಾಯಿ ಹಾಕಿದೆ. ಅಮ್ಮನ್ನ ತಿಂದ್ಕೊಂಡಿದ್ದು ಸಾಕು."

ಲಾರಿಯವನು ದೂರದ ಒಂದು ಸರ್ಕಸ್ಸಿಗೋ ಗಾಡಿ ಎಳೆಸುವವರಿಗೋ ಕುದುರೆ ಸಾಗಿಸುವವನು. ಎಲ್ಲಿಗೆ ಎಂದು ಅಣ್ಣ ಸರಿಯಾಗಿ ಕೇಳಿರಲೂ ಇಲ್ಲ. ಹೋದರೆ ಸಾಕಿತ್ತು ಅವನಿಗೆ. ಮಗಳಿಗೂ ಬೇರೆ ದಾರಿ ತೋಚಲಿಲ್ಲ. ನಿನ್ನೆ ಫೋನಿನಲ್ಲಿ ಆಗಲಿ ಅಂದುಬಿಟ್ಟಿದ್ದಳು.

ಅಪ್ಪ ಇನ್ನೊಮ್ಮೆ ಕುರ್ಚಿ ಬಡಿದ. ನಾಳೆ, ನಾಳೆ, ನಾಳೆ. ಮುಖ ಕೆಂಪೇರಿತ್ತು. ಅತ್ತೆ ಲೋಟ ತರಲು ಓಡಿದಳು.

ಅಂತೂ ಕಾಲು ಒಳಗೆ ಹೋಯಿತು. ತೊಡಿಸಿದ್ದು ಹಳೆಯ ಪ್ಯಾಂಟು. ಹೊಸದು ಅವಳ ಚೀಲದ ತಳದಲ್ಲಿತ್ತು, ಮುಗಿದಿರಲಿಲ್ಲ. ಮೂರು ವಾರದ ಹಿಂದೆ ಅಮ್ಮ ಫೋನು ಮಾಡಿ ಹೇಳಿ ಹೊಲಿಸಿದ್ದು. ದಪ್ಪ ಬಟ್ಟೆ ಇರಲಿ, ತೊಡೆಯ ಒಳಬದಿಗೆ ಮೊಣಕಾಲಿನಿಂದ ಮೇಲಿನವರೆಗೆ ತೊಗಲಿನ ತೇಪೆ ಹಾಕು, ಎಡ ಮೊಣಕಾಲಿಗೆ ಒಂದು ಪಟ್ಟಿ ಇಡು, ನೀನು ಹಿಡಿದು ಜೋತಾಡಿದರೂ ಕಿತ್ತು ಬರಬಾರದು. ಯಾಕಮ್ಮ ಅಂದರೆ, ಮೊದಲು ಕಳಿಸು, ಅದು ಬಂದ ಮಾರನೆಯ ದಿನ ಹೇಳುತ್ತೇನೆ ಅಂದಿದ್ದಳು. ಮನೆ ಬಿಟ್ಟು ಹೊರಡದ ಮನುಷ್ಯನ ಪ್ಯಾಂಟಿಗೆ ಏನವಸರ ಎಂದು ಮಗಳು ಅದನ್ನು ಪಕ್ಕಕ್ಕೆ ಸರಿಸಿ ಸಮವಸ್ತ್ರ ಹೊಲಿಯುತ್ತ ಕೂತಳು. ಎರಡು ಸಲ ಫೋನು ಬಂದಾಗಲೂ ಈ ವಾರ, ಈ ವಾರ ಅಂದಳು. ತೊಗಲು ಹಚ್ಚಿದ್ದಳು, ಪಟ್ಟಿ ಮಾತ್ರ ಉಳಿದಿತ್ತು.

*

ಮಗಳು ಹುಟ್ಟುವ ಮೊದಲಿನ ಈ ಕತೆಯನ್ನು ಮನೆಯಲ್ಲಿ ನೂರು ಸಲ ಹೇಳಿ ಸವೆಸಿದ್ದರು.

ಅಮ್ಮ ಸವಾರಿ ಕಲಿಸುವ ಶಾಲೆಯಲ್ಲಿ ಟೀಚರಾಗಿದ್ದಳು. ಊರಿಗೆಲ್ಲ ಅವಳು ಕುದುರೆ ಟೀಚರು. ಸಣಕಲು ಮೈ, ದೊಡ್ಡ ಗಂಟಲು. ಬೇಲಿ ಹಾರಿಸುವ ಪಂದ್ಯಗಳಲ್ಲಿ ಗೆದ್ದ ಪದಕಗಳನ್ನು ಮನೆಯಲ್ಲಿ ಅಂಗಿ ಗುಂಡಿಗಳ ಡಬ್ಬಿಯಲ್ಲಿ ಹಾಕಿಟ್ಟು ಮರೆತಿದ್ದಳು. ಅಪ್ಪ ಆ ಶಾಲೆಗೆ ತಿಂಗಳಿಗೊಮ್ಮೆ ಲಾಳ ಹೊಡೆಯಲು ಬರುತ್ತಿದ್ದ. ಗೊರಸನ್ನು ತೊಡೆಯ ನಡುವೆ ಇಟ್ಟುಕೊಂಡು, ಬಾಯಲ್ಲಿ ನಾಲ್ಕು ಮೊಳೆ ಕಚ್ಚಿಕೊಂಡು, ತಲೆ ಎತ್ತದೆ ಕೆಲಸ ಮಾಡುವವನು.

"ಒಂದ್ಸಲ ಹತ್ತಿ ನೋಡಿ," ಅಂದಿದ್ದಳಂತೆ ಅಮ್ಮ.

ಅಪ್ಪ ಮೊಳೆಗಳನ್ನು ಬಾಯಿಂದ ತೆಗೆದು, "ಕುದುರೆ ಕಾಲು ಹಿಡಿದು ಬದುಕೋನು ನಾನು. ತಲೆ ಮೇಲೆ ಕೂತ್ರೆ ಚೆನ್ನಾಗಿರಲ್ಲ. ನಾಳೆ ನೋಡೋಣ," ಅಂದನಂತೆ.

ಆ ನಾಳೆ ನಲವತ್ತು ವರ್ಷ ಬೆಳೆಯಿತು. ಮದುವೆಯಾದ ದಿನ ಕೇಳಿದಳು, ನಾಳೆ ಅಂದ. ಮಗ ಹುಟ್ಟಿದಾಗ, ಮಗಳು ಹುಟ್ಟಿದಾಗ, ಸ್ವಂತಕ್ಕೆ ಮೊದಲ ಕುದುರೆ ತಂದಾಗ ಎಲ್ಲ ಕೇಳಿದಳು. ಅಪ್ಪನಿಗೆ ಎತ್ತರವೆಂದರೆ ಜೀವ ಹೋಗುತ್ತಿತ್ತು. ಏಣಿಯ ಮೂರನೆಯ ಮೆಟ್ಟಿಲಿಗೇ ಕಣ್ಣು ಕತ್ತಲೆ. ಊರಿನ ಕುದುರೆಗಳಿಗೆಲ್ಲ ಲಾಳ ಹೊಡೆಯುವ ಗಂಡಸಿಗೆ ಕುದುರೆ ಹತ್ತಲು ಭಯ ಎಂಬುದು ಅಮ್ಮನಿಗೊಬ್ಬಳಿಗೇ ಗೊತ್ತಿತ್ತು. ಅವಳು ಅದನ್ನು ಯಾರ ಮುಂದೆಯೂ ಬಾಯಿಬಿಡಲಿಲ್ಲ. ಮಕ್ಕಳಿಗೂ ಅದು ತಿಳಿದದ್ದು ಏಣಿ ನೋಡಿ, ಅಮ್ಮನಿಂದಲ್ಲ.

ಹಾಗೆಯೇ ಮಗಳ ವಿಷಯದಲ್ಲೂ. ಬಿದ್ದವರನ್ನು ಆ ಕ್ಷಣವೇ ಮತ್ತೆ ಹತ್ತಿಸುವುದು ಟೀಚರಮ್ಮನ ನಿಯಮ. ಅತ್ತರೂ ಬಿಡುತ್ತಿರಲಿಲ್ಲ. ಹನ್ನೊಂದನೆಯ ವಯಸ್ಸಿನಲ್ಲಿ ಮಗಳು ಬಿದ್ದು ಮಣಿಕಟ್ಟು ಮುರಿದುಕೊಂಡಾಗ ಅಮ್ಮ ಓಡಿ ಬಂದು ಅವಳ ಮುಖವನ್ನೊಮ್ಮೆ ನೋಡಿದಳು. ಏನು ಕಂಡಳೋ, ಹತ್ತು ಎನ್ನಲಿಲ್ಲ. ಅಂದಿನಿಂದ ಒಂದು ದಿನವೂ ಎನ್ನಲಿಲ್ಲ. ಕಟ್ಟು ಬಿಚ್ಚಿದ ಮೇಲೆ ಜೀನುಗಳನ್ನಿಡುವ ಕೋಣೆಗೆ ಕರೆದೊಯ್ದು ಕೂರಿಸಿ, ಮೇಣ ತೀಡಿದ ಒಂದು ದಾರದ ಎರಡೂ ತುದಿಗೆ ಸೂಜಿ ಪೋಣಿಸಿ ಕೈಗೆ ಕೊಟ್ಟಳು. ಒಂದೇ ತೂತಿನಲ್ಲಿ ಆ ಕಡೆಯಿಂದ ಒಂದು ಸೂಜಿ, ಈ ಕಡೆಯಿಂದ ಒಂದು.

"ಒಂದು ಕಡೆ ಹರಿದ್ರೂ ಇನ್ನೊಂದು ಕಡೆ ಹಿಡ್ಕೊಂಡಿರುತ್ತೆ," ಅಂದಿದ್ದಳು. "ಮೇಲೆ ಕೂತೋರ ಜೀವ ಈ ಹೊಲಿಗೆ ಮೇಲಿರುತ್ತೆ ಮಗಾ. ಆತುರ ಬೇಡ."

ಮಗಳು ದರ್ಜಿಯಾದದ್ದು ಆ ಕೋಣೆಯಲ್ಲಿ. ಅಮ್ಮನ ಸಾಲವನ್ನು ತೀರಿಸಿದ ಬಗೆ ಮಾತ್ರ ಚೆನ್ನಾಗಿರಲಿಲ್ಲ. ಅಪ್ಪನಿಗೆ ಲಕ್ವ ಹೊಡೆದ ವರ್ಷವೇ ಅಮ್ಮ ಯಾರ ಮಾತೂ ಕಿವಿಗೆ ಹಾಕಿಕೊಳ್ಳದೆ ಪಳಗಿಸದ ಎಳೆ ಹೆಣ್ಣುಕುದುರೆಯೊಂದನ್ನು ಕಟ್ಟಿಕೊಂಡಳು. ಪೋರಿ ಎಂದು ಕರೆದಳು. ಮಗಳು ಫೋನಿನಲ್ಲಿ ಸಿಡಿದಿದ್ದಳು.

"ಅಪ್ಪ ಹೀಗೆ ಬಿದ್ಕೊಂಡಿರೋವಾಗ ನಿನಗೆ ಸವಾರಿ ಬೇಕಾ ಅಮ್ಮ?"

"ಬೇಕು," ಅಂದಿದ್ದಳು ಅಮ್ಮ. ಅಷ್ಟೇ.

*

ಹೆಣದ ವ್ಯಾನು ಮುಂದೆ, ಅಣ್ಣನ ಕಾರು ಹಿಂದೆ. ಕಾರಿನ ತಲೆಯ ಮೇಲೆ ಕಲಿಕೆಯ ವಾಹನ ಎಂಬ ಹಲಗೆ ಹಾಗೇ ಇತ್ತು, ತೆಗೆಯಲು ಯಾರಿಗೂ ನೆನಪಾಗಿರಲಿಲ್ಲ. ಹಿಂದಿನ ಸೀಟಿನಲ್ಲಿ ಅಪ್ಪನನ್ನು ನಡುವೆ ಕೂರಿಸಿಕೊಂಡು ಮಗಳೂ ಅತ್ತೆಯೂ ಕೂತಿದ್ದರು. ಅಪ್ಪನ ಬಲಗೈ ಸುಮ್ಮನಿರುತ್ತಿರಲಿಲ್ಲ. ಮನೆಯ ಕಡೆ ತೋರಿಸುತ್ತಿತ್ತು, ತೊಡೆ ಬಡಿಯುತ್ತಿತ್ತು, ಬಾಗಿಲಿನ ಹಿಡಿ ಹುಡುಕುತ್ತಿತ್ತು.

ಬೀದಿಯ ತಿರುವಿನಲ್ಲಿ ಅತ್ತೆ ಒಮ್ಮೆಲೇ ಮಾತು ನಿಲ್ಲಿಸಿದಳು. ಅದು ಎಷ್ಟು ಅಪರೂಪವೆಂದರೆ ಅಣ್ಣ ಕನ್ನಡಿಯಲ್ಲಿ ಹಿಂದೆ ನೋಡಿದ.

"ಒಂದು ಮಾತು ಹೇಳಬೇಕು ಕಣೇ," ಅಂದಳು ಅತ್ತೆ, ಸಣ್ಣ ದನಿಯಲ್ಲಿ. "ನಿನ್ನೆ ಇವನು ಕಿಟಕೀಲಿ ಕೂತಿದ್ದ. ನಾಳೆ ನಾಳೆ ಅಂತ ಕೂಗಿದ, ಗಂಟಲು ಹರಿಯೋ ಹಾಗೆ. ನಾನು ಟೀಗೆ ಅಂದ್ಕೊಂಡೆ. ಟೀ ಕೊಟ್ಟೆ, ತಳ್ಳಿದ. ಬಿಸ್ಕತ್ ಕೊಟ್ಟೆ. ಅರ್ಧ ಗಂಟೆ ಆದ್ಮೇಲೆ ಕಿಟಕೀಲಿ ಬಗ್ಗಿ ನೋಡಿದೆ. ಅವಳು ಬಿದ್ದಿದ್ದು ಇವನು ನೋಡಿದ್ದ."

ಆ ಅರ್ಧ ಗಂಟೆಯಿಂದ ಏನೂ ಆಗುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದ್ದಾರೆ ಎಂದು ಅಣ್ಣ ಅಂದ. ಮಗಳು ಅತ್ತೆಯ ಕೈ ಹಿಡಿದುಕೊಂಡಳು. ಅವಳ ತಲೆಯಲ್ಲಿ ಬೇರೊಂದು ಕೊರೆಯುತ್ತಿತ್ತು. ಅಪ್ಪ ದಿನಾ ಬೆಳಗ್ಗೆ ಕಿಟಕಿಯಲ್ಲಿ ಯಾಕೆ ಕೂತಿರುತ್ತಿದ್ದ? ಗಂಡನನ್ನು ಕಿಟಕಿಯಲ್ಲಿ ಕೂರಿಸಿ ಅಮ್ಮ ತನ್ನ ಪಾಡಿಗೆ ಸವಾರಿಗೆ ಹೋಗುತ್ತಾಳೆ ಎಂದು ಅತ್ತೆ ವರದಿ ಮಾಡಿದಾಗಲೆಲ್ಲ ಇವಳೂ ಹಲ್ಲು ಕಚ್ಚಿದ್ದಳು.

ಸ್ಮಶಾನದಲ್ಲಿ ಜನ ನೆರೆದಿದ್ದರು. ಮೂರು ತಲೆಮಾರಿನ ಶಿಷ್ಯರು. ನೆಟ್ಟಗೆ ಬೆನ್ನು ಹಿಡಿದು ನಿಂತದ್ದರಿಂದಲೇ ಯಾರು ಟೀಚರಮ್ಮನ ಕೈಯಲ್ಲಿ ಕಲಿತವರು ಎಂದು ಗೊತ್ತಾಗುತ್ತಿತ್ತು. ಅಲ್ಲೂ ಗುಸುಗುಸು ನಡೆದಿತ್ತು. ಕಡೆಗಾಲದಲ್ಲಿ ಸ್ವಲ್ಪ ಹಾಗಾಗಿದ್ದರು ಪಾಪ ಎಂದು ಒಬ್ಬರು ಹಣೆಯ ಹತ್ತಿರ ಬೆರಳು ತಿರುಗಿಸಿದ್ದನ್ನು ಮಗಳು ನೋಡಿದಳು. ಮಣ್ಣು ಹಾಕುವಾಗ ಅಪ್ಪನ ಬಲಗೈಗೆ ಹಿಡಿ ಮಣ್ಣು ಕೊಟ್ಟರು. ಅವನು ಗುಂಡಿಯೊಳಗೆ ನೋಡುತ್ತ ಬಹಳ ಹೊತ್ತು ಮುಷ್ಟಿ ಬಿಡಲಿಲ್ಲ. ಆಮೇಲೆ ಬಿಟ್ಟ. ಬಿಟ್ಟ ಕೈ ಮತ್ತೆ ಮನೆಯ ಕಡೆ ತಿರುಗಿತು.

ಹೊರಡುವಾಗ ಹಲ್ಲಿನ ಡಾಕ್ಟರು ಹತ್ತಿರ ಬಂದರು. ಏಳನೆಯ ವಯಸ್ಸಿನಲ್ಲಿ ಅಮ್ಮನ ಬಳಿ ಸವಾರಿ ಕಲಿತವರು, ಈಗ ಅರ್ಧ ಊರಿನ ಬಾಯಿ ಬಲ್ಲವರು. ಏನು ಹೇಳಬೇಕೆಂದು ತಿಳಿಯದೆ, ಕುರ್ಚಿ ಈಗಲೂ ಇಳಿಯುತ್ತದಾ ಎಂದು ಕೇಳಿದರು.

"ಯಾವ ಕುರ್ಚಿ ಡಾಕ್ಟ್ರೇ?"

"ನಮ್ಮ ಆಸ್ಪತ್ರೆದು ಹಳೇದು. ಕಾಲಲ್ಲಿ ತುಳಿದ್ರೆ ಮೇಲೇಳುತ್ತಲ್ಲ, ಅದು. ಎಣ್ಣೆ ಸೋರುತ್ತೆ, ಎತ್ತರಿಸಿದ್ರೆ ತಾನಾಗೇ ಮೆಲ್ಲಗೆ ಇಳಿದುಬಿಡುತ್ತೆ, ಎಸೀತೀನಿ ಅಂದೆ. ಟೀಚರ್ ಬೇಕು ಅಂದ್ರು. ತುಳಿದು, ಗಡಿಯಾರ ಹಿಡಿದು ನೋಡಿದ್ರು. ಎರಡು ನಿಮಿಷ ನಿಂತಿತು. ಸಾಕು ಅಂದ್ರು." ಕನ್ನಡಕ ತೆಗೆದು ಒರೆಸಿಕೊಂಡರು. "ಯಾವುದಕ್ಕೆ ಸಾಕು ಅಂತ ಕೇಳೋ ಧೈರ್ಯ ಬರಲಿಲ್ಲ. ಈಗಲೂ ಅವರೆದುರು ನಾನು ಏಳು ವರ್ಷದವನೇ."

ಅಣ್ಣ ಮಧ್ಯೆ ಬಾಯಿ ಹಾಕಿದ. ಗೊತ್ತು, ಹಿತ್ತಿಲಿನ ಬಯಲಿನ ಅಂಚಿನಲ್ಲಿ ಆ ಕುರ್ಚಿಯನ್ನು ನೆಟ್ಟಿದ್ದಾಳೆ, ಗಾರೆಯವನನ್ನು ಕರೆಸಿ ಎತ್ತರದ ಕಟ್ಟೆ ಕಟ್ಟಿಸಿ, ಅದಕ್ಕೆ ಇಳಿಜಾರು ಬೇರೆ ಮಾಡಿಸಿ, ಮೇಲೆ ಹಲ್ಲು ಕೀಳುವ ಕುರ್ಚಿ ಕೂರಿಸಿದ್ದಾಳೆ. ಊರು ನಗದೆ ಇನ್ನೇನು ಮಾಡುತ್ತದೆ. ತಾನು ಆಗಲೇ ಅವಳನ್ನು ತಲೆಯ ಡಾಕ್ಟರಿಗೆ ತೋರಿಸಬೇಕಿತ್ತು ಅಂದ. ಅಮ್ಮನ ಬುದ್ಧಿ ಕೆಟ್ಟಿತ್ತು ಎಂದು ನಂಬುವುದು ಅವನಿಗೇನೂ ಸುಖವಾಗಿರಲಿಲ್ಲ.

*

ಲಾರಿ ನಾಲ್ಕಕ್ಕೆ ಹತ್ತು ನಿಮಿಷ ಇರುವಾಗಲೇ ಬಂತು. ಹಿಂಬಾಗಿಲ ಹಲಗೆ ಇಳಿಸಿ, ಇಬ್ಬರು ಲಾಯಕ್ಕೆ ಹೋದರು. ಹೋದಷ್ಟೇ ಬೇಗ ಹಿಂದೆ ಬಂದರು. ಒಬ್ಬನ ಟೋಪಿ ಒಳಗೇ ಉಳಿದಿತ್ತು. ಕುದುರೆಗೆ ಕಟ್ಟಿದ ಹಗ್ಗವೇ ಇಲ್ಲವಲ್ಲ, ಗಟ್ಟಿ ಹಗ್ಗ ಬೇಕು ಅಂದರು. ಅಣ್ಣ ತಂಗಿಯನ್ನು ಜೀನಿನ ಕೋಣೆಗೆ ಕಳಿಸಿದ. ಮದುವೆಯಾದ ಮೇಲೆ ಅವಳು ಆ ಬಾಗಿಲು ತೆಗೆದಿರಲಿಲ್ಲ.

ಬಾಗಿಲು ತೆಗೆದವಳು ಹೌಹಾರಿ ಎರಡು ಹೆಜ್ಜೆ ಹಿಂದೆ ಸರಿದಳು. ಗೋಡೆಗೊರಗಿ ಅಪ್ಪ ಕೂತಿದ್ದ.

ಅಪ್ಪನಲ್ಲ. ಅಪ್ಪನ ಹಳೆಯ ಕೋಟು, ಅಪ್ಪನ ಹಳೆಯ ಪ್ಯಾಂಟು. ಹೊಟ್ಟೆಗೆ ಹುಲ್ಲು ತುರುಕಿ, ಕಾಲುಗಳಿಗೆ ಮರಳು ತುಂಬಿ, ಸೊಂಟದಲ್ಲಿ ಬಿಗಿದು ಹೊಲಿದ ಬೊಂಬೆ. ತಲೆಯಿರಲಿಲ್ಲ. ಕೊರಳಿನ ಜಾಗದಲ್ಲಿ ಅಪ್ಪ ಚಳಿಗೆ ಸುತ್ತಿಕೊಳ್ಳುತ್ತಿದ್ದ ಉಣ್ಣೆಯ ವಸ್ತ್ರವನ್ನು ಗಂಟು ಹಾಕಲಾಗಿತ್ತು. ಅಣ್ಣನೇನಾದರೂ ಇದನ್ನು ನೋಡಿದ್ದರೆ ಅಮ್ಮನ ತಲೆ ಕೆಟ್ಟಿತ್ತು ಎಂಬುದಕ್ಕೆ ಸಾಕ್ಷಿ ಸಿಕ್ಕಿತು ಅನ್ನುತ್ತಿದ್ದ.

ಮಗಳು ನೋಡಿದ್ದು ಬೊಂಬೆಯನ್ನಲ್ಲ, ಬಟ್ಟೆಯನ್ನು. ಬಟ್ಟೆ ಎಲ್ಲಿ ಸವೆದಿದೆ ಎಂದು ನೋಡಿದರೆ ತೊಟ್ಟವರು ಏನು ಕೆಲಸ ಮಾಡುತ್ತಾರೆಂದು ಹೇಳಬಲ್ಲವಳು ಅವಳು. ಕಂಡಕ್ಟರನ ಹೆಗಲು, ಗುಮಾಸ್ತನ ಮೊಣಕೈ, ಗಾರೆಯವನ ಮಂಡಿ. ಈ ಪ್ಯಾಂಟು ಸವೆದದ್ದು ತೊಡೆಯ ಒಳಬದಿಯಲ್ಲಿ. ಮೊಣಕಾಲಿನಿಂದ ಮೇಲಿನವರೆಗೆ, ಎರಡೂ ಕಡೆ, ನೂಲು ಕಾಣುವಂತೆ ತೆಳ್ಳಗಾಗಿತ್ತು. ಜೀನಿನ ಮೇಲೆ ಕೂತವರ ಬಟ್ಟೆ ಮಾತ್ರ ಹಾಗೆ ಸವೆಯುತ್ತದೆ. ಎಡ ಮೊಣಕಾಲಿಗೆ ಹಳೆಯ ಜೀನಿನ ಪಟ್ಟಿಯೊಂದನ್ನು ಹೊಲಿಯಲಾಗಿತ್ತು. ಕಿತ್ತು ಬಂದಿತ್ತು, ಮತ್ತೆ ಹೊಲಿದಿತ್ತು, ಮತ್ತೆ ಕಿತ್ತು ಬಂದಿತ್ತು. ಮೂರು ಸಲದ ತೂತುಗಳು. ಅಮ್ಮನ ಕಣ್ಣು ಮಂಜಾಗಿತ್ತು, ಹೊಲಿಗೆ ಸೊಟ್ಟಗಿತ್ತು. ಪಟ್ಟಿಯ ನಡುಭಾಗ ಕೈ ಹಿಡಿದು ಹಿಡಿದು ನುಣ್ಣಗಾಗಿತ್ತು.

ಅವಳು ಕಿಟಕಿಯ ಹತ್ತಿರ ಹೋದಳು. ಹೊರಗೆ ಬಯಲಿನ ಅಂಚಿನಲ್ಲಿ ಕಟ್ಟೆ, ಕಟ್ಟೆಗೆ ಗಾಲಿಕುರ್ಚಿ ಹೋಗುವಷ್ಟು ಅಗಲದ ಇಳಿಜಾರು, ಮೇಲೆ ಹಲ್ಲಿನ ಡಾಕ್ಟರ ಕುರ್ಚಿ. ಕಟ್ಟೆಯ ಎಡಕ್ಕೆ ಕುದುರೆ ನಿಂತು ನಿಂತು ನೆಲ ಹಳ್ಳ ಬಿದ್ದಿತ್ತು. ಜಗತ್ತೆಲ್ಲ ಕುದುರೆಯನ್ನು ಎಡಗಡೆಯಿಂದ ಹತ್ತುತ್ತದೆ. ಇಲ್ಲಿ ಕುದುರೆಯ ಬಲಗಡೆಗೆ ಕುರ್ಚಿ ಇತ್ತು. ಬಲಗಡೆಯಿಂದ ಹತ್ತಿದರೆ ಗಟ್ಟಿ ಇರುವ ಬಲಗಾಲು ಒತ್ತು ಕೊಡುತ್ತದೆ. ಸತ್ತ ಎಡಗಾಲನ್ನು ಇನ್ನೊಬ್ಬರು ಪಟ್ಟಿ ಹಿಡಿದು ಕುದುರೆಯ ಕತ್ತಿನ ಮೇಲಿಂದ ಆಚೆ ದಾಟಿಸಬೇಕು. ಅದಕ್ಕೆ ಎರಡು ನಿಮಿಷ ಸಾಕು.

ಪೋರಿ ಎಳೆಯದಾಗಿ ಬಂದ ದಿನದಿಂದ ಬಲಗಡೆಯನ್ನೊಂದೇ ಕಲಿತಿತ್ತು. ಎಡಗಡೆಯಿಂದ ಬಂದವರನ್ನೆಲ್ಲ ಒದೆಯುತ್ತಿತ್ತು. ಅದನ್ನು ಪೊಗರು ಅಂದುಕೊಂಡಿದ್ದರು. ಅಪ್ಪ ಮೂರು ವರ್ಷ ಕಿಟಕಿಯಲ್ಲಿ ಕೂತು ನೋಡಿದ್ದು, ಈ ಬೊಂಬೆಯನ್ನು ಪೋರಿಯ ಮೇಲೆ ಹತ್ತಿಸಿ ಇಳಿಸಿ ತನಗಾಗಿ ನಡೆಯುತ್ತಿದ್ದ ಪಾಠವನ್ನು. ಬೇರೆಲ್ಲ ತಯಾರಾಗಿತ್ತು, ಪ್ಯಾಂಟೊಂದು ಬರಬೇಕಿತ್ತು.

ಮಗಳು ನೆಲಕ್ಕೆ ಕುಸಿದು ಕೂತಳು. ಈ ವಾರ, ಈ ವಾರ ಎಂದು ತಾನು ಹೇಳಿದ್ದು ಕಿವಿಯಲ್ಲಿ ಕೇಳಿಸಿತು. ಬೊಂಬೆಯ ಮೊಣಕಾಲಿಗೆ ಹಣೆಯಿಟ್ಟು ಅತ್ತಳು. ಬೆಳಗಿನಿಂದ ಪೆಟ್ಟಿಗೆಯ ಮುಂದೆ ಬಾರದಿದ್ದ ಅಳು ಅದು. ಹೊರಗೆ ಕುದುರೆ ಒದೆಯಿತು, ಲಾರಿಯವನು ಬೈದ, ಅಣ್ಣ ಹಗ್ಗ ಎಲ್ಲಿ ಎಂದು ಕೂಗಿದ. ಅವಳು ಮೂಗೊರೆಸಿಕೊಂಡು ಎದ್ದು, ಒಳಗೆ ಓಡಿ ಚೀಲದಿಂದ ಪ್ಯಾಂಟು ತಂದಳು. ಗೂಡಿನಲ್ಲಿ ಅಮ್ಮನ ಸೂಜಿಗಳಿದ್ದವು, ಮೇಣದ ಉಂಡೆ ಇತ್ತು. ಒಂದು ದಾರ, ಎರಡು ಸೂಜಿ. ಹೊಸ ಪಟ್ಟಿಯನ್ನು ಎಡ ಮೊಣಕಾಲಿಗೆ ಇಟ್ಟು ಹೊಲಿಯತೊಡಗಿದಳು. ಆತುರ ಬೇಡ ಎಂದು ತನಗೆ ತಾನೇ ಹೇಳಿಕೊಂಡಳು. ಅಣ್ಣ ಎರಡನೆಯ ಸಲ ಕೂಗಿದ, ಮೂರನೆಯ ಸಲ ಕೂಗಿದ. ಇಪ್ಪತ್ತೆಂಟು ಹೊಲಿಗೆ ಹಾಕಿ, ಪಟ್ಟಿಯನ್ನು ಕಾಲಿನಿಂದ ಮೆಟ್ಟಿ ಎರಡೂ ಕೈಯಿಂದ ಪ್ಯಾಂಟು ಜಗ್ಗಿ ನೋಡಿದಳು. ಕದಲಲಿಲ್ಲ.

ಅತ್ತೆಗೆ ಅದನ್ನು ಕೊಟ್ಟು, ಅಪ್ಪನಿಗೆ ತೊಡಿಸಿ ಹಿತ್ತಿಲಿಗೆ ಕರೆತನ್ನಿ ಅಂದಳು. ಅತ್ತೆ ಯಾಕೆ ಏನು ಎಂದು ಬಾಯಿ ತೆಗೆದವಳು, ಅವಳ ಮುಖ ನೋಡಿ ಹಾಗೇ ಮುಚ್ಚಿದಳು.

ಲಾಯದ ಮುಂದೆ ಮೂರು ಜನ ಗಂಡಸರು ಬೆವರಿ ನಿಂತಿದ್ದರು. ಸ್ಮಶಾನದಿಂದ ಜೊತೆಗೇ ಬಂದಿದ್ದ ಹಲ್ಲಿನ ಡಾಕ್ಟರು ದೂರದಲ್ಲಿ ಟೋಪಿ ಕಳಕೊಂಡವನ ಮಂಡಿ ನೋಡುತ್ತಿದ್ದರು. ಮಗಳು ಜೀನಿನ ಕೋಣೆಯ ಹಗ್ಗ ಹೆಗಲಿಗೆ ಹಾಕಿಕೊಂಡು ಅವರನ್ನೆಲ್ಲ ದಾಟಿ ಬಾಗಿಲಿನ ಅಗುಳಿ ತೆಗೆದಳು. ಹನ್ನೊಂದನೆಯ ವಯಸ್ಸಿನ ಭಯ ಎದ್ದು ಕೂತಿತು. ಮುರಿದು ಕೂಡಿದ್ದ ಮಣಿಕಟ್ಟು ನೋಯಿತು, ಅಥವಾ ನೋಯುತ್ತಿದೆ ಅನ್ನಿಸಿತು. ಪೋರಿ ಕಿವಿ ಹಿಂದಕ್ಕೆ ಮಡಚಿ, ಬಿಳಿಗಣ್ಣು ತೋರಿಸಿತು. ಅವಳು ಗೋಡೆ ಸವರುತ್ತ ಸುತ್ತು ಹಾಕಿ ಕುದುರೆಯ ಬಲಗಡೆಗೆ ಹೋಗಿ ನಿಂತಳು.

ಒಂದು ಕಿವಿ ಮುಂದಕ್ಕೆ ತಿರುಗಿತು. ಆಮೇಲೆ ಇನ್ನೊಂದು. ಕುದುರೆ ದೀರ್ಘವಾಗಿ ಉಸಿರು ಬಿಟ್ಟು ಅವಳ ಮೈ ಮೂಸಿತು. ಮೇಣದ ವಾಸನೆ ಸಿಕ್ಕಿರಬೇಕು. ಹಗ್ಗ ಹಾಕಲು ಬಿಟ್ಟಿತು, ಗೂಟದ ಮೇಲಿದ್ದ ಜೀನನ್ನೂ ಹಾಕಲು ಬಿಟ್ಟಿತು.

"ಶಭಾಷ್," ಅಂದ ಅಣ್ಣ, ಉಸಿರು ಹಿಡಿದುಕೊಂಡು. "ಜೀನ್ ಯಾಕೆ, ಇರಲಿ ಬಿಡು. ಹಂಗೇ ಲಾರಿಗೆ ಹತ್ತಿಸು."

ಅವಳು ಲಾರಿಯನ್ನು ದಾಟಿ ಹೋದಳು. ನಾಲ್ಕು ಹೆಜ್ಜೆಯ ನಂತರ ಅವಳು ಕುದುರೆಯನ್ನು ಕರೆದೊಯ್ಯಬೇಕಾಗಲಿಲ್ಲ, ಕುದುರೆಯೇ ಅವಳನ್ನು ಕರೆದೊಯ್ದಿತು. ಬಯಲು ದಾಟಿ, ಕಟ್ಟೆಯ ಪಕ್ಕಕ್ಕೆ ಬಂದು, ತನ್ನ ಹಳ್ಳದಲ್ಲಿ ಗೊರಸಿಟ್ಟು ನಿಂತಿತು. ಬೆಳಗಿನಿಂದ ಮನೆ ನಡುಗಿಸಿದ ಪ್ರಾಣಿ ಅಲುಗಾಡಲಿಲ್ಲ.

ಅತ್ತೆ ಅಪ್ಪನನ್ನು ತಳ್ಳಿಕೊಂಡು ಬಂದಳು. ಇಳಿಜಾರು ಏರಿಸುವಾಗ ಡಾಕ್ಟರು ಕೈಹಚ್ಚಿದರು. ಅಣ್ಣ ಕುರ್ಚಿಯನ್ನು ನೋಡಿದ, ಪಟ್ಟಿಯನ್ನು ನೋಡಿದ, ಕುದುರೆ ನಿಂತ ಬಗೆಯನ್ನು ನೋಡಿದ. ದಿನಾ ನೂರು ಜನಕ್ಕೆ ಪಾಠ ಹೇಳುವವನಿಗೆ ಅರ್ಥವಾಗಲು ತಡವಾಗಲಿಲ್ಲ. ಅರ್ಥವಾದ ಕೂಡಲೇ ಹೆದರಿಕೆ ಬಂತು.

"ಅಪ್ಪ," ಅಂದ, ಹತ್ತಿರ ಬ‌ಂದು ಬಗ್ಗಿ. "ಗೊತ್ತಾಯ್ತು. ಅಮ್ಮ ಏನು ಮಾಡ್ತಿದ್ಲು ಅಂತ ಗೊತ್ತಾಯ್ತಪ್ಪ. ಇವತ್ತು ಬೇಡ. ಈಗಷ್ಟೇ ಅವಳನ್ನ ಮಣ್ಣು ಮಾಡಿ ಬಂದಿದ್ದೀವಿ. ಲಾರಿ ವಾಪಸ್ ಕಳಿಸ್ತೀನಿ, ಆಣೆ. ನಾಳೆ ನೋಡೋಣ."

ಅಪ್ಪ ಮಗನ ಮುಖ ನೋಡಿದ. ಬಾಯಿ ತೆರೆಯಿತು. ಎಲ್ಲರೂ ಆ ಒಂದು ಮಾತಿಗೆ ಕಾದರು. ಅಪ್ಪ ಬಾಯಿ ಮುಚ್ಚಿ, ಇಲ್ಲ ಎಂದು ತಲೆಯಾಡಿಸಿದ.

ಅಣ್ಣ ಸುತ್ತುಬಳಸಿ ಹೋಗಿ ಕುದುರೆಯ ತಲೆಯ ಹತ್ತಿರ ಹಗ್ಗ ಹಿಡಿದ. ಬಲಗಡೆಯಿಂದ.

ಅಪ್ಪನನ್ನು ಡಾಕ್ಟರ ಕುರ್ಚಿಗೆ ಬದಲಾಯಿಸಿದರು. ಡಾಕ್ಟರು ಪೆಡಲು ತುಳಿದರು. ಕುರ್ಚಿ ಕಿರುಗುಟ್ಟುತ್ತ ಮೇಲೇರಿತು. ಏಣಿಯ ಮೂರು ಮೆಟ್ಟಿಲು, ನಾಲ್ಕು ಮೆಟ್ಟಿಲು. ಅಪ್ಪನ ಹಣೆಯ ಮೇಲೆ ಬೆವರು ಮೂಡಿತು, ಕಣ್ಣು ಮುಚ್ಚಿಕೊಂಡ, ಬಲಗೈಯಿಂದ ಕುದುರೆಯ ಕತ್ತಿನ ಕೂದಲನ್ನು ಹುಡುಕಿ ಹಿಡಿದುಕೊಂಡ. ಜೀನಿನ ಎತ್ತರಕ್ಕೆ ಬಂದು ಕುರ್ಚಿ ನಿಂತಿತು. ಎಲ್ಲಿಂದಲೋ ಎಣ್ಣೆ ಸೋರುವ ಸಣ್ಣ ಸದ್ದು ಶುರುವಾಯಿತು.

"ಎರಡು ನಿಮಿಷ," ಅಂದರು ಡಾಕ್ಟರು.

ಮಗಳು ಪಟ್ಟಿ ಹಿಡಿದಳು. ಬೆಳಗ್ಗೆ ಕೈಗೆ ಸಿಗದಿದ್ದ ಕಾಲು ಈಗ ಹಿಡಿತಕ್ಕೆ ಸಿಕ್ಕಿತು. ಎತ್ತಿದಳು. ಅಪ್ಪ ಬಲಗಾಲನ್ನು ಊರಿ ಒತ್ತಿದ. ಸತ್ತ ಕಾಲು ಪೋರಿಯ ಕತ್ತಿನ ಮೇಲಿಂದ ಮೆಲ್ಲಗೆ ಆಚೆ ದಾಟಿ, ಜೀನಿನ ಎಡಬದಿಗೆ ಇಳಿದು ತೂಗಿತು. ಹೊಲಿಗೆ ತಡೆಯಿತು. ಕುದುರೆಯ ಮೈಮೇಲೆ ಒಂದು ಸಣ್ಣ ನಡುಕ ಹರಿದು ನಿಂತಿತು.

ಅಪ್ಪ ಕಣ್ಣು ತೆರೆದ. ನಲವತ್ತು ವರ್ಷ ಕೆಳಗಿನಿಂದ, ಗೊರಸಿನ ಕಡೆಯಿಂದ ಮಾತ್ರ ನೋಡಿದ್ದ ಕುದುರೆಯ ಎರಡು ಕಿವಿಗಳು ಅವನ ಮುಂದೆ ಇದ್ದವು. ಅವುಗಳ ನಡುವಿನಿಂದ ಬಯಲು, ಬೇಲಿ, ಮನೆಯ ಕಿಟಕಿ, ಕಿಟಕಿಯೊಳಗೆ ತನ್ನ ದಿಂಬು ಕಾಣುತ್ತಿತ್ತು. ಬಾಗಿಲಲ್ಲಿ ಲಾರಿಯವನು ಎಂಜಿನ್ ಆರಿಸಿ, ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದ.

ಅಣ್ಣ ಹಗ್ಗ ಸಡಿಲಿಸಿದ. ಒಂದು ಪಕ್ಕದಲ್ಲಿ ಡಾಕ್ಟರು, ಇನ್ನೊಂದು ಪಕ್ಕದಲ್ಲಿ ಪಟ್ಟಿ ಹಿಡಿದ ಮಗಳು. ಪೋರಿಯ ಎಡಗಡೆಗೆ ತಾನು ಬಂದು ನಿಂತಿದ್ದೇನೆ ಎಂಬುದು ಅವಳಿಗೆ ಗೊತ್ತೇ ಆಗಿರಲಿಲ್ಲ. ಕುದುರೆ ಒಂದು ಹೆಜ್ಜೆ ಇಟ್ಟಿತು, ಇನ್ನೊಂದು ಇಟ್ಟಿತು. ಅವರ ಹಿಂದೆ, ಕಟ್ಟೆಯ ಮೇಲೆ, ಖಾಲಿಯಾದ ಕುರ್ಚಿ ಯಾರೂ ಮುಟ್ಟದೆ ತನ್ನಷ್ಟಕ್ಕೆ ತಾನು ಮೆಲ್ಲಗೆ ಕೆಳಗಿಳಿಯುತ್ತಿತ್ತು.